ಎರಡು ಏರಿಯಲ್, ಒಂದು ದನಿ



ರೋಣ, ನರಗುಂದ, ಗಜೇಂದ್ರಗಡದ ಹಿರಿಯರನ್ನು ರೇಡಿಯೋ ಸಿಲೋನ್ ಬಗ್ಗೆ ಒಮ್ಮೆ ಕೇಳಿ ನೋಡಿ. ನಮ್ಮ ನಾಡಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ'ಯನ್ನು ಆರಂಭಿಸಿದರು. 1950ರಲ್ಲಿ ಧಾರವಾಡ ನಿಲಯ ಬಂದಿತು. ಧಾರವಾಡ ಹತ್ತಿರದ್ದು, ಅದರ ದನಿ ಹಗಲಿನಲ್ಲಿ ಸ್ಥಿರವಾಗಿ ಕೇಳುತ್ತಿತ್ತು. ಆದರೆ 1952ರಲ್ಲಿ ಆರಂಭವಾದ 'ಬಿನಾಕಾ ಗೀತಮಾಲಾ'ದ ಅಮೀನ್ ಸಯಾನಿಯವರ ದನಿ ಸಾವಿರ ಕಿಲೋಮೀಟರಿಗೂ ದೂರದ ಕೊಲಂಬೊದಿಂದ ಶಾರ್ಟ್‌ವೇವ್‌ನಲ್ಲಿ ಬರುತ್ತಿತ್ತು. ಒಮ್ಮೆ ಏರುವುದು, ಮರುಕ್ಷಣ ಇಳಿಯುವುದು ಅದರ ಗುಣ.

ಇದು ರೇಡಿಯೋದ ದೋಷವಲ್ಲ. ಶಾರ್ಟ್‌ವೇವ್ ಅಲೆಗಳು ಮೇಲಿನ ಅಯಾನುಗೋಳಕ್ಕೆ ತಾಗಿ ಮರಳಿ ಭೂಮಿಗೆ ಬರುತ್ತವೆ. ಈ ಪದರ ಇದೆಯೆಂಬುದನ್ನು ಆ್ಯಪಲ್ಟನ್ 1924ರಲ್ಲಿ ಪ್ರಯೋಗದಿಂದ ತೋರಿಸಿದರು. ಒಂದೇ ಅಲೆ ಎರಡು ದಾರಿಯಲ್ಲಿ ಬಂದು, ದಾರಿಗಳ ಅಂತರ ಅರ್ಧ ಅಲೆಯುದ್ದವಾದರೆ ಒಂದನ್ನೊಂದು ಅಳಿಸುತ್ತವೆ. 41 ಮೀಟರ್ ಬ್ಯಾಂಡಿನಲ್ಲಿ ಆ ಅಂತರ ಕೇವಲ 20 ಮೀಟರಿನಷ್ಟು! ಪದರ ಸದಾ ಅಲುಗಾಡುವುದರಿಂದ ದನಿಯೂ ಏಳುತ್ತದೆ, ಬೀಳುತ್ತದೆ.

ಪರಿಹಾರವೇನು? ಇಲ್ಲಿ ದನಿ ಅಳಿದ ಗಳಿಗೆಯಲ್ಲಿ ಸ್ವಲ್ಪ ದೂರದಲ್ಲಿ ಅದು ಗಟ್ಟಿಯಾಗಿಯೇ ಇರಬಹುದು. ಅಮೆರಿಕದ ಆರ್‌ಸಿಎ ಸಂಸ್ಥೆಯ ಬೆವರೇಜ್ ಮತ್ತು ಪೀಟರ್ಸನ್ 1920ರ ದಶಕದಲ್ಲಿ ಇದನ್ನೇ ಬಳಸಿಕೊಂಡರು. ಏರಿಯಲ್‌ಗಳನ್ನು ದೂರದೂರ ಹಾಕಿ, ಪ್ರತಿಯೊಂದಕ್ಕೂ ಒಂದು ರಿಸೀವರ್ ಕೊಟ್ಟು, ಅವುಗಳ ಫಲವನ್ನು ಕೂಡಿಸಿದರು. ಯಾವುದರಲ್ಲಿ ದನಿ ಗಟ್ಟಿಯೋ ಅದೇ ಮುಂದಾಗುತ್ತಿತ್ತು; ದುರ್ಬಲವಾದದ್ದರ ಗದ್ದಲ ತಾನಾಗಿ ತಗ್ಗುತ್ತಿತ್ತು. ಇದಕ್ಕೆ 'ಡೈವರ್ಸಿಟಿ ರಿಸೆಪ್ಷನ್' ಎಂದು ಹೆಸರು.

ದೊಡ್ಡ ಕಂಪನಿಗಳ ಈ ವಿದ್ಯೆ ಹವ್ಯಾಸಿಗಳ ಮೇಜಿಗೂ ಬಂದಿತು. ಷಿಕಾಗೋದ ಹ್ಯಾಲಿಕ್ರಾಫ್ಟರ್ಸ್ ಕಂಪನಿ 1938ರಲ್ಲಿ 'ಸ್ಕೈರೈಡರ್ ಡೈವರ್ಸಿಟಿ' ಡಿಡಿ-1 ಎಂಬ ಸೆಟ್ಟನ್ನು ಹೊರತಂದಿತು. ಒಂದೇ ಪೆಟ್ಟಿಗೆಯಲ್ಲಿ ಎರಡು ರಿಸೀವರ್, ಎರಡಕ್ಕೂ ಸೇರಿ ಒಂದೇ ಟ್ಯೂನಿಂಗ್. ಇಪ್ಪತ್ತಕ್ಕೂ ಹೆಚ್ಚು ವಾಲ್ವುಗಳಿದ್ದ ಆ ಸೆಟ್ಟು ಬಲು ದುಬಾರಿ, ಕೊಂಡವರು ಕೆಲವರೇ.

ಒಂದೇ ವಾಲ್ವ್ ರೇಡಿಯೋ, ಮಾಳಿಗೆಯ ಮೇಲೊಂದೇ ತಂತಿ ಇದ್ದ ಮನೆಗೆ ಅದು ಎಟುಕುವ ಮಾತೇ ಅಲ್ಲ. ತಂತಿಯನ್ನು ಆಚೀಚೆ ಸರಿಸಿದರೂ ಸುಖ ಒಂದೆರಡು ಗಳಿಗೆಯದು. ಅಂದು ಸಿರಿವಂತರ ಸೊತ್ತಾಗಿದ್ದ ಅದೇ ತತ್ವ ಇಂದು ನಿಮ್ಮ ಅಂಗೈಯಲ್ಲಿದೆ. 4ಜಿ ಮೊಬೈಲಿನೊಳಗೆ ಒಂದಕ್ಕಿಂತ ಹೆಚ್ಚು ಆಂಟೆನಾಗಳಿದ್ದು, ಗೋಡೆಗಳಿಗೆ ಬಡಿದು ಹಲವು ದಾರಿಯಲ್ಲಿ ಬರುವ ಅಲೆಗಳನ್ನು ಹೀಗೆಯೇ ಕೂಡಿಸಿಕೊಳ್ಳುತ್ತವೆ.

ವಸ್ತು ಅಗ್ಗವಾಗಿ ಕೈಗೆ ಬಂದಿದೆ; ಅದರ ವಿದ್ಯೆ ತಾನಾಗಿ ಬರುವುದಿಲ್ಲ. ಭೌತಶಾಸ್ತ್ರದ ಪುಸ್ತಕದಲ್ಲಿ 'ಅಲೆಗಳ ವ್ಯತಿಕರಣ' ಪಾಠ ಬಂದಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿ ಬಿಡಬೇಡಿ. ನಿಮ್ಮ ಅಜ್ಜನ ರೇಡಿಯೋದಲ್ಲಿ ಹಾಡು ಏಕೆ ಮುಳುಗುತ್ತಿತ್ತು ಎಂಬುದಕ್ಕೆ ಉತ್ತರ ಆ ಪಾಠದಲ್ಲೇ ಇದೆ.