ಬಳಸದಿದ್ದರೂ ಬತ್ತುವ ಗಣಿ, ಬಳಸಿದರೂ ಬತ್ತದ ಗಣಿ: ಸರದಿಯಾಟಗಳಲ್ಲಿ ಸಂಪನ್ಮೂಲ ಕ್ಷಯ

ತಂತ್ರಪ್ರಧಾನ ವಿಡಿಯೊ ಗೇಮುಗಳಲ್ಲಿ ಕೆಲವು ಗಡಿಯಾರದೊಡನೆ ಓಡುತ್ತವೆ; ಇನ್ನು ಕೆಲವು ಚದುರಂಗದ ಹಾಗೆ ಸರದಿಯ ಪ್ರಕಾರ ನಡೆಯುತ್ತವೆ. ಸರದಿಯಾಟದಲ್ಲಿ ಒಂದು ನಡೆಯನ್ನು ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ಹಾಗಾಗಿ ಅಲ್ಲಿ ಕಬ್ಬಿಣವೋ ತೈಲವೋ ಮುಗಿದುಹೋದರೆ ಬೆರಳುಗಳ ನಿಧಾನಗತಿಯನ್ನು ದೂರುವಂತಿಲ್ಲ, ಲೆಕ್ಕ ಎಲ್ಲಿ ತಪ್ಪಿತೆಂದೇ ಕೇಳಬೇಕು. ಸಂಪನ್ಮೂಲಗಳು ಬರಿದಾಗುವ ವಿದ್ಯಮಾನವನ್ನು ಆಟವೊಂದು ಹೇಗೆ ಅರ್ಥಮಾಡಿಕೊಂಡಿದೆ ಎಂದು ಪರಿಶೀಲಿಸಲು ಈ ಪ್ರಕಾರ ತಕ್ಕುದಾಗಿರುವುದು ಇದೇ ಕಾರಣಕ್ಕೆ. 1991ರಲ್ಲಿ ಸಿಡ್ ಮೀಯರ್ ಆರಂಭಿಸಿದ ‘ಸಿವಿಲೈಸೇಶನ್’ ಸರಣಿಯನ್ನು ಮುಖ್ಯವಾಗಿ ಇಟ್ಟುಕೊಂಡು ಇಲ್ಲಿ ಒಂದು ವಾದವನ್ನು ಮಂಡಿಸುತ್ತಿದ್ದೇನೆ. ಈ ಆಟಗಳು ಬಳಕೆಯನ್ನೂ ಕ್ಷಯವನ್ನೂ ಬೇರೆಬೇರೆಯಾಗಿ ತೋರಿಸಿವೆ, ಅವೆರಡರ ನಡುವಿನ ಕಾರ್ಯಕಾರಣ ಸಂಬಂಧವನ್ನು ಮಾತ್ರ ಬಹುಪಾಲು ಕಡಿದುಹಾಕಿವೆ. ಆ ಕೊಂಡಿ ಉಳಿದುಕೊಂಡಿರುವ ಕೆಲವೇ ಎಡೆಗಳಲ್ಲಿ ಆಟಗಾರನಿಗೆ ಮಿತವ್ಯಯವು ತಂತ್ರವಾಗಿ ಒದಗುತ್ತದೆ. ಉಳಿದೆಡೆ ಅದು ಬರಿಯ ನಷ್ಟ.

2001ರ ‘ಸಿವಿಲೈಸೇಶನ್ 3’ರಲ್ಲಿ ಕುದುರೆ, ಕಬ್ಬಿಣ, ಪೆಟ್ಲುಪ್ಪು, ಕಲ್ಲಿದ್ದಲು, ತೈಲ, ರಬ್ಬರ್, ಅಲ್ಯೂಮಿನಿಯಂ, ಯುರೇನಿಯಂ ಎಂಬ ಎಂಟು ಸಂಪನ್ಮೂಲಗಳು ಯುದ್ಧ ಮತ್ತು ಕೈಗಾರಿಕೆಗಳ ಬುನಾದಿ. ರೈಲುಹಳಿ ಹಾಕಲು ಕಬ್ಬಿಣವೂ ಕಲ್ಲಿದ್ದಲೂ ಇರಬೇಕು. ಟ್ಯಾಂಕಿಗೆ ತೈಲವೂ ರಬ್ಬರೂ ಬೇಕು. ಒಂದೇ ಒಂದು ನಿಕ್ಷೇಪ ರಸ್ತೆಯ ಮೂಲಕ ರಾಜಧಾನಿಗೆ ಕೂಡಿಕೊಂಡಿದ್ದರೆ ಆ ಜಾಲಕ್ಕೆ ಸೇರಿದ ಊರುಗಳಿಗೆಲ್ಲ ಅದು ಸಾಕು, ಎರಡನೆಯದು ಇದ್ದರೆ ಮಾರಬಹುದು. ಇವುಗಳಲ್ಲಿ ಹಲವು ನಿಕ್ಷೇಪಗಳು ಒಂದು ಸರದಿಯಲ್ಲಿ ಇದ್ದಕ್ಕಿದ್ದಂತೆ ಬರಿದಾಗಬಹುದು. ನಕಾಶೆಯ ಮತ್ತೊಂದು ಮೂಲೆಯಲ್ಲಿ, ಎಷ್ಟೋ ಸಲ ಬೇರೊಬ್ಬ ಅರಸನ ಗಡಿಯೊಳಗೆ, ಹೊಸದೊಂದು ತಲೆಯೆತ್ತುತ್ತದೆ. ಗಮನಿಸಬೇಕಾದದ್ದು ಇದರ ಹಿಂದಿನ ಗಣಿತವನ್ನು. ನಿಕ್ಷೇಪ ಮಾಯವಾಗುವುದು ಪ್ರತಿ ಸರದಿಯಲ್ಲೂ ಎದುರಾಗುವ ಒಂದು ಸಣ್ಣ ಸಂಭವನೀಯತೆಯಿಂದ. ಆ ತೈಲದಿಂದ ಒಂದು ಟ್ಯಾಂಕ್ ಕಟ್ಟಿದರೂ ಐವತ್ತು ಕಟ್ಟಿದರೂ ಆ ಸಂಭವನೀಯತೆ ಕದಲುವುದಿಲ್ಲ. ಅಂದಮೇಲೆ ಇದು ಬಳಕೆಯ ಹಂಗಿಲ್ಲದ ಕ್ಷಯ.

ಇಂಥ ನಿಯಮಕ್ಕೆ ಆಟಗಾರರು ಕಂಡುಕೊಂಡ ಉತ್ತರಗಳು ನಿಯಮದ ಸ್ವರೂಪವನ್ನೇ ಹೇಳುತ್ತವೆ. ಮೊದಲನೆಯದು, ತೈಲ ಕೈಯಲ್ಲಿರುವಾಗಲೇ ಎಷ್ಟು ಸಾಧ್ಯವೋ ಅಷ್ಟು ಟ್ಯಾಂಕುಗಳನ್ನು ಕಟ್ಟಿ ನಿಲ್ಲಿಸಿಕೊಳ್ಳುವುದು. ನಿಕ್ಷೇಪ ಹೋದರೂ ಕಟ್ಟಿದ ಪಡೆ ಹಾಗೇ ಉಳಿಯುತ್ತದೆ, ಹೊಸದನ್ನು ಕಟ್ಟಲಿಕ್ಕೆ ಮಾತ್ರ ಆಗುವುದಿಲ್ಲ. ಎರಡನೆಯದು, ಹೆಚ್ಚುವರಿ ನಿಕ್ಷೇಪವನ್ನು ಮಾರದೆ ಆಪತ್ತಿಗೆಂದು ಇಟ್ಟುಕೊಳ್ಳುವುದು. ಮೂರನೆಯದು, ಈಗ ಏನೂ ಕಾಣದ ಮರುಭೂಮಿಗೂ ಹಿಮಬಯಲಿಗೂ ಊರು ಹಬ್ಬಿಸುವುದು, ಏಕೆಂದರೆ ಮುಂದಿನ ನಿಕ್ಷೇಪ ಎಲ್ಲಿ ಏಳುತ್ತದೋ ಯಾರಿಗೆ ಗೊತ್ತು. ನಾಲ್ಕನೆಯದು ನೆರೆಯವನ ಮೇಲೆ ದಂಡೆತ್ತುವುದು. ಬೇಗ ಬಳಸುವುದು, ಬಚ್ಚಿಡುವುದು, ಹರಡುವುದು, ಕಸಿಯುವುದು ಎಲ್ಲವೂ ಈ ಪಟ್ಟಿಯಲ್ಲಿವೆ. ಮಿತವಾಗಿ ಬಳಸುವುದು ಮಾತ್ರ ಇಲ್ಲ. ಆಟಗಾರರ ದುರಾಸೆಯನ್ನು ಇದಕ್ಕೆ ಹೊಣೆ ಮಾಡಲಾಗದು. ಮಿತವ್ಯಯದಿಂದ ನಿಕ್ಷೇಪದ ಆಯಸ್ಸು ಒಂದು ಸರದಿಯಷ್ಟೂ ಹೆಚ್ಚದಿರುವಾಗ ಅದನ್ನು ಪಾಲಿಸಲು ವಿವೇಕಿಗೆ ಕಾರಣವಾದರೂ ಏನಿದೆ?

ನಿಜವಾದ ಗಣಿ ಹೀಗೆ ಸಾಯುವುದಿಲ್ಲ. ಕೋಲಾರ ಚಿನ್ನದ ಗಣಿಯ ಇತಿಹಾಸ ಇದಕ್ಕೆ ನಮ್ಮ ನಾಡಿನಲ್ಲೇ ಇರುವ ಪುರಾವೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಕೆಲಸ ಹಿಡಿಯಿತು. 1902ರಲ್ಲಿ ಸುಮಾರು 150 ಕಿಲೋಮೀಟರ್ ದೂರದ ಶಿವನಸಮುದ್ರದಿಂದ ವಿದ್ಯುತ್ತನ್ನು ಎಳೆದು ತಂದದ್ದೂ ಈ ಗಣಿಗಾಗಿಯೇ. ಕೊನೆಗೆ ಸುರಂಗಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಆಳ ಹೆಚ್ಚಿದಂತೆ ಕಾವು ಹೆಚ್ಚಿತು, ಬಂಡೆ ಸಿಡಿಯುವ ಅಪಾಯ ಹೆಚ್ಚಿತು, ಅದಿರನ್ನು ಮೇಲೆತ್ತುವ ಖರ್ಚು ಏರಿತು, ಟನ್ನಿಗೆ ಸಿಗುವ ಚಿನ್ನ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ನೆಲದಡಿ ಚಿನ್ನ ಪೂರಾ ಮುಗಿದಿರಲಿಲ್ಲ, ಅದನ್ನು ತೆಗೆಯುವ ವೆಚ್ಚ ಅದರ ಬೆಲೆಯನ್ನು ಮೀರಿತ್ತು. ನಿಕ್ಷೇಪವೊಂದು ಬರಿದಾಗುತ್ತದೆ ಎಂದರೆ ಸಾಮಾನ್ಯವಾಗಿ ಹೀಗೆ ಏರುತ್ತ ಹೋಗುವ ವೆಚ್ಚ. ‘ಸಿವಿಲೈಸೇಶನ್ 3’ ಕೋಲಾರ ಮುಚ್ಚಿದ ವರ್ಷವೇ ಹೊರಬಂದ ಆಟ ಎಂಬುದು ಕಾಕತಾಳೀಯ. ಆದರೆ ದಶಕಗಟ್ಟಲೆ ನಡೆಯುವ ಕುಸಿತವನ್ನು ಅದು ಒಂದು ಸರದಿಯ ಆಘಾತವಾಗಿ ಕುಗ್ಗಿಸಿದ್ದು ಕಾಕತಾಳೀಯವೆನ್ನಲಾಗದು. ಮುನ್ಸೂಚನೆ ಇಲ್ಲದ ಕಡೆ ಯೋಜನೆಗೂ ಎಡೆಯಿರುವುದಿಲ್ಲ.

ಮುಂದಿನ ಆವೃತ್ತಿಗಳು ಇನ್ನೊಂದು ತುದಿಗೆ ಸರಿದವು. 2005ರ ನಾಲ್ಕನೆಯ ಆಟದಲ್ಲಿ ನಿಕ್ಷೇಪಗಳು ಹಾಗೆ ಮಾಯವಾಗುವುದಿಲ್ಲ. ಬದಲಿಗೆ ಗಣಿ ತೋಡಿದ ಗುಡ್ಡದಲ್ಲಿ ಎಂದಾದರೊಮ್ಮೆ ಹೊಸ ಲೋಹ ಸಿಗಬಹುದು. 2010ರ ಐದನೆಯದರಲ್ಲಿ ಪ್ರತಿ ನಿಕ್ಷೇಪಕ್ಕೂ ಒಂದು ಸಂಖ್ಯೆ ಬಂತು, ಒಂದು ಖಡ್ಗದಳಕ್ಕೆ ಒಂದು ಮಾನ ಕಬ್ಬಿಣ. ದಳ ಸತ್ತರೆ ಕಬ್ಬಿಣ ವಾಪಸು. 2016ರ ಆರನೆಯ ಆಟಕ್ಕೆ 2019ರಲ್ಲಿ ಸೇರಿದ ‘ಗ್ಯಾದರಿಂಗ್ ಸ್ಟಾರ್ಮ್’ ವಿಸ್ತರಣೆ ಇದನ್ನು ದಾಸ್ತಾನಿನ ಲೆಕ್ಕವಾಗಿ ಬದಲಿಸಿತು. ಗಣಿಯಿಂದ ಪ್ರತಿ ಸರದಿಗೆ ಇಷ್ಟು ಮಾನ ಬಂದು ಉಗ್ರಾಣಕ್ಕೆ ಸೇರುತ್ತದೆ. ಖಡ್ಗದಳವನ್ನು ಕಟ್ಟಲು 20 ಮಾನ ಕಬ್ಬಿಣ ತೆರಬೇಕು. ಟ್ಯಾಂಕು ಕಟ್ಟಿದ ಮೇಲೂ ಪ್ರತಿ ಸರದಿಗೆ ತೈಲ ಕುಡಿಯುತ್ತದೆ, ಸಿಗದಿದ್ದರೆ ಅದರ ಬಲ ಕುಂದುತ್ತದೆ. ಮೇಲ್ನೋಟಕ್ಕೆ ಇದು ಕೊರತೆಯ ಪಕ್ವ ಚಿತ್ರಣ. ಆದರೆ ಗಣಿ ಮಾತ್ರ ಎಂದೂ ಬತ್ತುವುದಿಲ್ಲ. ಕ್ರಿಸ್ತಪೂರ್ವದಲ್ಲಿ ತೋಡಿದ ಕಬ್ಬಿಣದ ಗಣಿ ಅಂತರಿಕ್ಷಯುಗದಲ್ಲೂ ಅಷ್ಟೇ ಕೊಡುತ್ತಿರುತ್ತದೆ. ಅದಕ್ಕೂ ಮುಖ್ಯವಾದ ಸಂಗತಿ ಉಗ್ರಾಣದ ಮಿತಿ. ಆರಂಭದಲ್ಲಿ ಪ್ರತಿ ಸಂಪನ್ಮೂಲವೂ 50 ಮಾನದವರೆಗೆ ಮಾತ್ರ ಹಿಡಿಸುತ್ತದೆ, ಸೇನಾ ಕಟ್ಟಡಗಳನ್ನು ಕಟ್ಟಿದಂತೆ ಅದು ಸ್ವಲ್ಪಸ್ವಲ್ಪವೇ ಏರುತ್ತದೆ. ಮಿತಿ ಮುಟ್ಟಿದ ಮೇಲೆ ಬರುವ ಕಬ್ಬಿಣ ಯಾರಿಗೂ ದಕ್ಕದೆ ಹೋಗುತ್ತದೆ. ಅಲ್ಲಿಗೆ ಉಳಿಸುವುದೇ ಪೋಲು ಮಾಡುವುದಾಯಿತು: ಉಗ್ರಾಣ ತುಂಬಿದೆ ಎಂದು ಕಂಡೊಡನೆ ಬೇಕಿರಲಿ ಬೇಡದಿರಲಿ ಒಂದು ದಳ ಕಟ್ಟುವುದೇ ಜಾಣತನ. ಮೂರನೆಯ ಆಟದಲ್ಲಿ ಬಳಕೆಯ ಹಂಗಿಲ್ಲದ ಕ್ಷಯವಿತ್ತು. ಆರನೆಯದರಲ್ಲಿ ಕ್ಷಯದ ಹಂಗಿಲ್ಲದ ಬಳಕೆ ಇದೆ.

ಕೊಂಡಿ ಉಳಿದಿರುವ ಎಡೆಗಳಲ್ಲಿ ಮೊದಲನೆಯದು ಕಾಡು. ನಾಲ್ಕನೆಯ ಮತ್ತು ಆರನೆಯ ಆಟಗಳಲ್ಲಿ ಮರ ಕಡಿದರೆ ಆ ಕ್ಷಣಕ್ಕೆ ಒಂದು ಗಂಟು ಉತ್ಪಾದನೆ ಸಿಗುತ್ತದೆ, ನಕಾಶೆಯ ಆ ಮನೆಯಲ್ಲಿದ್ದ ಕಾಡು ಹೋಗುತ್ತದೆ. ಆರನೆಯದರಲ್ಲಿ ಈ ಗಂಟು ತಂತ್ರಜ್ಞಾನ ಬೆಳೆದಂತೆ ದೊಡ್ಡದಾಗುತ್ತದೆ. ಹೆರಾಲ್ಡ್ ಹೋಟೆಲಿಂಗ್ 1931ರಲ್ಲಿ ಪ್ರಕಟಿಸಿದ, ಬರಿದಾಗುವ ಸಂಪನ್ಮೂಲಗಳ ಅರ್ಥಶಾಸ್ತ್ರದ ಲೇಖನ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ನೆಲದಲ್ಲಿರುವ ಸರಕಿನ ನಿವ್ವಳ ಮೌಲ್ಯ ಬಡ್ಡಿಯ ದರಕ್ಕಿಂತ ನಿಧಾನವಾಗಿ ಏರುತ್ತಿದ್ದರೆ ಒಡೆಯನು ಅದನ್ನು ಈಗಲೇ ತೆಗೆದು ಬೇರೆಡೆ ಹೂಡುವುದು ಲಾಭ, ವೇಗವಾಗಿ ಏರುತ್ತಿದ್ದರೆ ಕಾಯುವುದು ಲಾಭ. ಆಟದಲ್ಲಿ ಬಡ್ಡಿಯೆಂದರೆ ರಾಜ್ಯದ ಬೆಳವಣಿಗೆಯ ವೇಗ. ಮೊದಲ ಐವತ್ತು ಸರದಿಗಳಲ್ಲಿ ಒಂದು ಊರು ಎರಡಾಗಿ, ಎರಡು ನಾಲ್ಕಾಗುವಾಗ ಆ ವೇಗ ಅಪಾರ. ಕಾಡಿನ ಮೌಲ್ಯ ಅಷ್ಟು ಬೇಗ ಏರದು. ಅನುಭವಿ ಆಟಗಾರರು ಆರಂಭದಲ್ಲೇ ಮರ ಕಡಿದು ವಲಸೆಗಾರರನ್ನು ಕಳಿಸುವುದರ ಹಿಂದೆ ಈ ಲೆಕ್ಕವಿದೆ. ರಾಜ್ಯ ತುಂಬಿಕೊಂಡು ಬೆಳವಣಿಗೆ ಮಂದವಾದ ಮೇಲೆ ಉಳಿದ ಕಾಡನ್ನು ಕಾಯ್ದಿರಿಸಿ, ಒಂದು ಮಹಾನಿರ್ಮಾಣಕ್ಕಾಗಿ ಕಡಿಯುವವರೂ ಅದೇ ಲೆಕ್ಕದವರೇ. ಸಂಸ್ಕೃತಿಯ ಮಾರ್ಗದಲ್ಲಿ ಗೆಲ್ಲಬಯಸುವವರು ಕಡಿಯದೆ ಬಿಡುತ್ತಾರೆ. ನಿಂತ ಕಾಡು ಸುತ್ತಲಿನ ಮನೆಗಳ ಸೊಬಗನ್ನು ಹೆಚ್ಚಿಸುತ್ತದೆ, ಸೊಬಗಿದ್ದಲ್ಲಿ ರಾಷ್ಟ್ರೀಯ ಉದ್ಯಾನ ಮಾಡಬಹುದು, ಉದ್ಯಾನದಿಂದ ಪ್ರವಾಸಿಗರು ಬರುತ್ತಾರೆ. ನಿಂತ ಮರಕ್ಕೂ ಆದಾಯವಿದೆ ಎಂದಾದಾಗ ಸಂರಕ್ಷಣೆ ತಾನಾಗಿಯೇ ತಂತ್ರವಾಗುತ್ತದೆ.

ಜೂಲಿಯನ್ ಗಾಲಪ್ ವಿನ್ಯಾಸಗೊಳಿಸಿದ 1994ರ ‘ಯುಎಫ್ಒ: ಎನಿಮಿ ಅನ್‌ನೋನ್’ ಈ ಸರಣಿಯ ಹೊರಗಿನದು, ಆದರೂ ಕೊಂಡಿ ಉಳಿದಿರುವ ಎರಡನೆಯ ಎಡೆಯಾದ್ದರಿಂದ ಅದನ್ನು ಬಿಡಲಾಗದು. ಅನ್ಯಗ್ರಹದವರ ಹಡಗುಗಳನ್ನು ನಡೆಸುವ ಎಲಿರಿಯಂ ಎಂಬ ಕಾಲ್ಪನಿಕ ಧಾತುವನ್ನು ಭೂಮಿಯಲ್ಲಿ ತಯಾರಿಸಲು ಬರುವುದಿಲ್ಲ. ಆಟದ ಕೊನೆಯ ಹಂತದ ಶಸ್ತ್ರ, ವಿಮಾನ, ಇಂಧನ ಎಲ್ಲಕ್ಕೂ ಅದು ಬೇಕು. ಹಡಗಿನ ಶಕ್ತಿಯಂತ್ರ ಕೆಡದೆ ಸಿಕ್ಕರೆ ಪ್ರತಿ ಯಂತ್ರದಿಂದ 50 ಮಾನ ದೊರಕುತ್ತದೆ. ಹಡಗನ್ನು ಹೊಡೆದುರುಳಿಸುವಾಗ ಯಂತ್ರ ಸಿಡಿದರೆ ಅದೂ ಇಲ್ಲ. ಹಾಗಾಗಿ ಅನುಭವಿಗಳು ಕ್ಷಿಪಣಿ ಬಿಡದೆ ಹಡಗಿನ ಬೆನ್ನುಹತ್ತಿ, ಅದು ತಾನಾಗಿ ನೆಲಕ್ಕಿಳಿಯುವ ತನಕ ಕಾದು, ಕಾಲಾಳುಗಳನ್ನು ಒಳನುಗ್ಗಿಸುತ್ತಾರೆ. ಸೈನಿಕರಿಗೆ ಇದು ಹೆಚ್ಚು ಅಪಾಯದ ದಾರಿ, ಏಕೆಂದರೆ ಒಳಗಿನ ಶತ್ರುಗಳು ಅಪಘಾತದಲ್ಲಿ ಸತ್ತಿರುವುದಿಲ್ಲ. ತನ್ನ ಒಂದೊಂದು ಹೊಡೆತವೂ ಮುಂದಿನ ಗಳಿಕೆಯನ್ನು ಕಡಿಮೆ ಮಾಡಬಲ್ಲದು ಎಂದು ಗೊತ್ತಾದ ಆಟಗಾರ ಕೈ ಬಿಗಿಹಿಡಿಯುತ್ತಾನೆ. ಉಪದೇಶದ ಒಂದು ಸಾಲೂ ಇಲ್ಲದೆ ನಿಯಮವೇ ಈ ಸಂಯಮವನ್ನು ಹುಟ್ಟಿಸಿದೆ.

‘ಗ್ಯಾದರಿಂಗ್ ಸ್ಟಾರ್ಮ್’ ಗಣಿಯನ್ನು ಅಕ್ಷಯವಾಗಿ ಬಿಟ್ಟು ವಾತಾವರಣವನ್ನು ಕ್ಷಯಿಸುವ ವಸ್ತುವಾಗಿಸಿತು. ಕಲ್ಲಿದ್ದಲು ಸುಟ್ಟಷ್ಟೂ ಇಂಗಾಲದ ಡೈಆಕ್ಸೈಡ್ ಕೂಡುತ್ತ ಹೋಗುತ್ತದೆ, ಏಳು ಹಂತಗಳಲ್ಲಿ ಹವಾಮಾನ ಬದಲಾಗುತ್ತದೆ, ಕರಾವಳಿಯ ತಗ್ಗು ಮನೆಗಳು ಮೊದಲು ಜಲಾವೃತವಾಗಿ ಆಮೇಲೆ ಶಾಶ್ವತವಾಗಿ ಮುಳುಗುತ್ತವೆ. ತಡೆಗೋಡೆ ಕಟ್ಟಬಹುದು, ಆದರೆ ಸಮುದ್ರ ಏರಿದಷ್ಟೂ ಗೋಡೆಯ ವೆಚ್ಚ ಏರುತ್ತದೆ. ಕೋಲಾರದ ಸುರಂಗದಲ್ಲಿದ್ದ ಏರುವ ವೆಚ್ಚ ಕೊನೆಗೂ ಆಟದೊಳಗೆ ಬಂದದ್ದು ಇಲ್ಲಿ, ಗಣಿಯ ಬದಲು ಕಡಲತೀರದಲ್ಲಿ. ಬಳಕೆ ಮತ್ತು ಕ್ಷಯದ ಕೊಂಡಿ ಮರಳಿತಾದರೂ ಹೊಸ ತೊಡಕೂ ಬಂತು: ಸುಟ್ಟವನೊಬ್ಬ, ಮುಳುಗುವವನೊಬ್ಬ. ಒಳನಾಡಿನಲ್ಲಿ ಊರುಗಳಿರುವ ಅರಸನಿಗೆ ಸಂಯಮದಿಂದ ಲಾಭ ಕಡಿಮೆ. ಸಾಮೂಹಿಕ ಸಂಪನ್ಮೂಲವನ್ನು ಬಳಕೆದಾರರೇ ಕಟ್ಟುಪಾಡು ಮಾಡಿಕೊಂಡು ಉಳಿಸಿಕೊಳ್ಳಬಲ್ಲರು ಎಂದು ಎಲಿನಾರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ ಉದಾಹರಣೆಗಳ ಸಮೇತ ತೋರಿಸಿದರು. ಅದಕ್ಕೆ ಪರಸ್ಪರ ನಿಗಾ ಮತ್ತು ದಂಡನೆಯ ವ್ಯವಸ್ಥೆ ಬೇಕೆಂದೂ ಹೇಳಿದರು. ಆಟದ ವಿಶ್ವಸಭೆಯಲ್ಲಿ ಹವಾಮಾನ ಒಪ್ಪಂದದ ಸ್ಪರ್ಧೆಯಿದೆ, ಇಂಗಾಲ ಹಿಂತೆಗೆಯುವ ಯೋಜನೆಗೆ ರಾಜತಾಂತ್ರಿಕ ಬಹುಮಾನವಿದೆ. ನನ್ನ ದೃಷ್ಟಿಯಲ್ಲಿ ಬಹುಮಾನವೊಂದೇ ಸಾಲದು. ಅದು ಮೊದಲು ಯಥೇಚ್ಛ ಸುಟ್ಟು ಬೆಳೆದು, ಕಡೆಗೆ ಹಿಂತೆಗೆದು ಅಂಕ ಗಳಿಸುವವನಿಗೂ ಒದಗುತ್ತದೆ.

ನನ್ನ ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಆಟವು ಭೂವಿಜ್ಞಾನದ ಪಠ್ಯವಲ್ಲ, ಅದರ ನಿಯಮಗಳು ಸಮತೋಲನಕ್ಕಾಗಿ ಇರುವಂಥವು ಎಂಬುದು ಒಂದು. ಒಪ್ಪುತ್ತೇನೆ, ಆದರೆ ಆಟಗಳ ಅಧ್ಯಯನಕಾರ ಇಯಾನ್ ಬೊಗೊಸ್ಟ್ 2007ರಲ್ಲಿ ವಿವರಿಸಿದಂತೆ ಆಟಗಳು ಮಾತಿಗಿಂತ ನಿಯಮಗಳ ಮೂಲಕವೇ ವಾದಿಸುತ್ತವೆ. ಉಗ್ರಾಣದ ಮಿತಿಯನ್ನು ಸಮತೋಲನಕ್ಕೆಂದು ಇಟ್ಟಿದ್ದರೂ ನೂರಾರು ಸರದಿಗಳುದ್ದಕ್ಕೂ ಆಟಗಾರನಿಗೆ ಅದು ರೂಢಿ ಮಾಡಿಸುವುದು ಖರ್ಚನ್ನೇ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಸಾಮಾನ್ಯ ವೇಗದಲ್ಲಿ ಆರನೆಯ ಆಟ 500ನೆಯ ಸರದಿಗೆ ಮುಗಿಯುತ್ತದೆ. ಅಂತ್ಯ ಗೊತ್ತಿರುವ ಯಾವ ಲೋಕದಲ್ಲೂ ಕೊನೆಯ ಸರದಿಗಾಗಿ ಏನನ್ನೂ ಉಳಿಸುವುದು ಅರ್ಥಹೀನ, ಹಾಗಾಗಿ ಯಾವ ನಿಯಮ ತಂದರೂ ಸಂಯಮ ನಿಲ್ಲದು ಎಂಬ ವಾದವಿದು. ಕೊನೆಯ ಕೆಲವು ಸರದಿಗಳ ಮಟ್ಟಿಗೆ ಇದು ನಿಜ, ಅದಕ್ಕೆ ಪರಿಹಾರವೂ ಇಲ್ಲ. ಆದರೆ ಎಲಿರಿಯಂ ಪ್ರಕರಣವೂ ಅಂತ್ಯವಿರುವ ಆಟದ್ದೇ, ಅಲ್ಲಿ ಸಂಯಮ ನಿಂತಿದೆ. ಅಂತ್ಯಕ್ಕಿಂತ ಬಹಳ ಮೊದಲೇ ಕ್ಷಯದ ಏಟು ಬೀಳುವಂತಿದ್ದರೆ ಸಾಕು.

ಹಾಗೆ ಬೀಳಿಸಲು ಕಷ್ಟದ ಯಂತ್ರಾಂಗವೇನೂ ಬೇಕಿಲ್ಲ. ಪ್ರತಿ ಗಣಿಯಿಂದ ಈವರೆಗೆ ತೆಗೆದ ಮೊತ್ತವನ್ನು ಲೆಕ್ಕವಿಟ್ಟು, ಆ ಮೊತ್ತ ಏರಿದಂತೆ ಸರದಿಯ ಇಳುವರಿಯನ್ನು ಇಳಿಸಿ ನಿರ್ವಹಣೆಯ ಚಿನ್ನವನ್ನು ಏರಿಸಬಹುದು. ಉಗ್ರಾಣ ತುಂಬಿದಾಗ ಗಣಿಯನ್ನು ನಿಲ್ಲಿಸಿಡುವ ಆಯ್ಕೆ ಕೊಡಬಹುದು. ಆಗ ಯಾವ ಗಣಿ ಮೊದಲು, ಯಾವುದು ಆಮೇಲೆ, ಪರ್ಯಾಯ ಶಕ್ತಿಯ ಸಂಶೋಧನೆಗೆ ಯಾವಾಗ ಹೊರಳಬೇಕು ಎಂಬವು ನಿಜವಾದ ಪ್ರಶ್ನೆಗಳಾಗುತ್ತವೆ. ತೊಡಕಿರುವುದು ಕಂಪ್ಯೂಟರ್ ಎದುರಾಳಿಗಳ ವಿಷಯದಲ್ಲಿ. ದೂರದ ಅಂದಾಜು ಬಾರದ ಎದುರಾಳಿ ತನ್ನ ಗಣಿಗಳನ್ನೆಲ್ಲ ಬೇಗ ಬರಿದುಮಾಡಿಕೊಂಡು ಆಟದ ಉತ್ತರಾರ್ಧದಲ್ಲಿ ಸೊರಗಿಬಿಡುತ್ತಾನೆ, ಮನುಷ್ಯ ಆಟಗಾರನಿಗೆ ಗೆಲುವು ಅಗ್ಗವಾಗುತ್ತದೆ. ಆದರೆ ಇದಕ್ಕಾಗಿ ಎದುರಾಳಿಗೆ ನೂರು ಸರದಿ ಮುಂದಿನ ಭವಿಷ್ಯವನ್ನು ಊಹಿಸಲು ಕಲಿಸಬೇಕಾಗಿಲ್ಲ. ‘ಗ್ಯಾದರಿಂಗ್ ಸ್ಟಾರ್ಮ್’ನಲ್ಲಿ ಅರಸರು ಕಬ್ಬಿಣ, ತೈಲಗಳನ್ನು ಮಾನದ ಲೆಕ್ಕದಲ್ಲಿ ಮಾರಿಕೊಳ್ಳುವ ವ್ಯವಸ್ಥೆ ಈಗಲೇ ಇದೆ. ನಕಾಶೆಯಲ್ಲಿ ಉಳಿದಿರುವ ಒಟ್ಟು ನಿಕ್ಷೇಪಕ್ಕೆ ಆ ಮಾರಾಟದ ದರವನ್ನು ಹೊಂದಿಸಿದರೆ, ತೆಗೆಯುವ ವೆಚ್ಚ ದರವನ್ನು ದಾಟಿದ ಸರದಿಯಲ್ಲಿ ಗಣಿ ನಿಲ್ಲಿಸುವಷ್ಟು ಸರಳವಾದ ಒಂದೇ ಹೋಲಿಕೆ ಎದುರಾಳಿಗೆ ಸಾಕಾಗುತ್ತದೆ.