ದ್ರಾಕ್ಷಿ ಕೊಯ್ಲು ನೋಡೋಕೆ ಯಾವಾಗ ಹೋಗ್ಬೇಕು? (ರಜೆಗೊಂದು ಇತಿಹಾಸ, ಭಾಗ 6)

ರೀಲ್ಸಲ್ಲಿ ಫ್ರಾನ್ಸ್‌ನ ಸೆಪ್ಟೆಂಬರ್ ಕೊಯ್ಲು ನೋಡಿ, ದಸರಾ ರಜೇಲಿ ನಂದಿ ಬೆಟ್ಟದ ವೈನ್ ತೋಟಕ್ಕೆ ಹೊಂಟಿದೀರಾ? ಸ್ವಲ್ಪ ತಡೀರಿ. ಆಗ ಅಲ್ಲಿ ಸಿಗೋದು ಹಣ್ಣಲ್ಲ, ಆಗಷ್ಟೇ ಸವರಿದ ಬಳ್ಳಿ.

ನಂದಿ ಸುತ್ತ ಬೆಂಗಳೂರು ನೀಲಿ ದ್ರಾಕ್ಷಿ ಹಳೇ ಬೆಳೆ. 2013ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ತು. 1988ರಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಕಡೆ ಫ್ರೆಂಚ್ ತಳಿಗಳ ತೋಟ ಶುರು ಮಾಡಿದ್ರು. ತಳಿ ಅಲ್ಲಿಂದ ಬಂತು, ಕ್ಯಾಲೆಂಡರ್ ಬರಲಿಲ್ಲ! ಫ್ರಾನ್ಸ್‌ನಲ್ಲಿ ಚಳಿಗೆ ಬಳ್ಳಿ ಮಲಗುತ್ತೆ. ಇಲ್ಲಿ ಆ ಚಳಿ ಇಲ್ಲ, ಮಳೆಗೆ ಸಿಕ್ಕಿದ ಹಣ್ಣು ಕೊಳೆಯುತ್ತೆ. ಅದಕ್ಕೇ ವರ್ಷಕ್ಕೆ ಎರಡು ಸಲ ಸವರ್ತಾರೆ. ವಿಜಯಪುರದ ರೈತರು ಇದನ್ನ ‘ಚಾಟ್ನಿ’ ಅಂತಾರೆ. ಬೇಸಿಗೇಲಿ ಒಂದು, ಮಳೆ ಕಡಿಮೆಯಾದ ಮೇಲೆ ಹಣ್ಣಿಗೆ ಇನ್ನೊಂದು. ನಮ್ಮ ಬಾತಿ ಗದ್ದೆ ಕೊಯ್ಲು ಭದ್ರಾ ಕಾಲುವೆ ನೀರಿನ ಮೇಲೆ ನಿಂತಂಗೆ, ಅಲ್ಲಿ ಕೊಯ್ಲು ಕತ್ತರಿ ಮೇಲೆ ನಿಂತಿದೆ.

2007ರಲ್ಲಿ ಸರ್ಕಾರ ವೈನ್ ನೀತಿ ತಂದದ್ದೂ ಈ ರೈತರ ದ್ರಾಕ್ಷಿಗೆ ಮಾರುಕಟ್ಟೆ ಸಿಗಲಿ ಅಂತ.

ಹಂಗಾಗಿ ಫೆಬ್ರವರಿ–ಮಾರ್ಚ್‌ಗೆ ಪ್ಲಾನ್ ಮಾಡಿ. ಬಾತಿಯಿಂದ ಹೈವೇ ಹಿಡಿದು, ದಾಬಸ್‌ಪೇಟೆಲಿ ಎಡಕ್ಕೆ ತಿರುಗಿದ್ರೆ ಬೆಂಗಳೂರು ಟ್ರಾಫಿಕ್ ಇಲ್ಲದೇ ದೊಡ್ಡಬಳ್ಳಾಪುರ; ಸುಮಾರು 250 ಕಿ.ಮೀ. ಕೊಯ್ಲಿನ ದಿನ ಫೋನ್‌ನಲ್ಲಿ ಕೇಳ್ಕೊಂಡೇ ಹೊರಡಿ. ವೈನ್ ರುಚಿಗೆ ವಯಸ್ಸಾಗ್ಲಿ, ಕೊಯ್ಲು ನೋಡೋಕೆ ಈ ವರ್ಷವೇ ಸಾಕು.

#ಬಾತಿ #ದಾವಣಗೆರೆ #ದ್ರಾಕ್ಷಿಕೊಯ್ಲು