ಎಂಟು ಗುಂಟೆಯ ವಿಶ್ವಕಪ್

ಐದೈದು ಜನರ ಎರಡು ತಂಡಗಳು ಚಾವಣಿಯ ಕೆಳಗೆ, ಗಟ್ಟಿ ನೆಲದ ಮೇಲೆ ಆಡುವ ಫುಟ್ಬಾಲಿಗೆ ಫುಟ್ಸಾಲ್ ಎಂದು ಹೆಸರು. ದೇಶ ದೇಶಗಳ ತಂಡಗಳು ಸೇರುವ ಇದರ ವಿಶ್ವಕಪ್ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಅಂಕಣದ ಉದ್ದ 40 ಮೀಟರ್, ಅಗಲ 20 ಮೀಟರ್. ಶಿರಸಿ ಸೀಮೆಯ ಅಳತೆಯಲ್ಲಿ ಹೇಳುವುದಾದರೆ ಎಂಟು ಗುಂಟೆಗೆ ತುಸು ಕಡಿಮೆ. ಹನ್ನೊಂದು ಜನರ ಫುಟ್ಬಾಲಿಗೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನ ಬೇಕು. ಅದು ಒಂದು ಎಕರೆ ಮೂವತ್ತು ಗುಂಟೆಗೂ ಹೆಚ್ಚು. ದೊಡ್ಡ ಮೈದಾನ ಸಿಗದವರಿಗಾಗಿಯೇ ಈ ಚಿಕ್ಕ ಆಟ ಹುಟ್ಟಿತು.

ಹುಟ್ಟಿದ್ದು ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ, 1930ರಲ್ಲಿ. ಮೊದಲ ಫುಟ್ಬಾಲ್ ವಿಶ್ವಕಪ್ಪನ್ನು ಉರುಗ್ವೆ ತನ್ನ ನೆಲದಲ್ಲೇ ಗೆದ್ದುಕೊಂಡ ವರ್ಷ ಅದು. 1924 ಮತ್ತು 1928ರ ಒಲಿಂಪಿಕ್ಸ್ ಚಿನ್ನವೂ ಆ ಪುಟ್ಟ ದೇಶಕ್ಕೇ ಬಂದಿತ್ತು. ಹುಡುಗರಿಗೆಲ್ಲ ಚೆಂಡಿನ ಹುಚ್ಚು, ಆಡಲು ಮೈದಾನ ಸಾಲದು. ಅಲ್ಲಿನ ವೈಎಂಸಿಎಯಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದ ಹುವಾನ್ ಕಾರ್ಲೊಸ್ ಸೆರಿಯಾನಿ ಬಾಸ್ಕೆಟ್‌ಬಾಲ್ ಅಂಕಣದಲ್ಲೇ ಫುಟ್ಬಾಲ್ ಆಡಿಸಲು ನಿಯಮ ಕಟ್ಟಿದರು. ತಂಡಕ್ಕೆ ಐವರು, ನಲವತ್ತು ನಿಮಿಷದ ಆಟ ಎಂಬುದನ್ನು ಬಾಸ್ಕೆಟ್‌ಬಾಲಿನಿಂದ ತೆಗೆದುಕೊಂಡರು. ಅಂಕಣ ಮತ್ತು ಗೋಲಿನ ಅಳತೆ ಹ್ಯಾಂಡ್‌ಬಾಲಿನದು, ಗೋಲ್‌ಕೀಪರನ ನಿಯಮಗಳು ವಾಟರ್ ಪೋಲೊದವು. ನಾಲ್ಕು ಆಟಗಳಿಂದ ಬೇಕಾದಷ್ಟನ್ನೇ ಆಯ್ದು ಐದನೆಯದೊಂದನ್ನು ಕಟ್ಟಿದ ಈ ಮೇಷ್ಟರ ಕೆಲಸ ಕ್ರೀಡೆಯ ಇತಿಹಾಸದಲ್ಲಿ ದೊಡ್ಡದು.

ವೈಎಂಸಿಎ ಮೂಲಕವೇ ಆಟ ಬ್ರೆಜಿಲ್ ಸೇರಿತು. ಹೊರಗಿನ ಮೈದಾನದ ಚೆಂಡು ಗಟ್ಟಿ ನೆಲದ ಮೇಲೆ ಎತ್ತರಕ್ಕೆ ಪುಟಿದು ಗೋಡೆ, ಕಿಟಕಿಗಳಿಗೆ ಬಡಿಯುತ್ತಿತ್ತು. ಅದಕ್ಕಾಗಿ ಚೆಂಡನ್ನು ಚಿಕ್ಕದು ಮಾಡಿ, ಒಳಗೆ ಮರದ ಹೊಟ್ಟು, ಕುದುರೆಕೂದಲು ತುಂಬಿ ತೂಕ ಹೆಚ್ಚಿಸಿದರು. ಪುಟಿಯದ ಚೆಂಡು ಕಾಲಿನ ಬಳಿಯೇ ಉಳಿಯುತ್ತದೆ. ಎದುರಾಳಿ ಎರಡು ಹೆಜ್ಜೆ ದೂರದಲ್ಲೇ ಇರುವುದರಿಂದ ಚೆಂಡು ಬಂದ ಕ್ಷಣದಲ್ಲೇ ಏನು ಮಾಡಬೇಕೆಂದು ತೀರ್ಮಾನಿಸಬೇಕು. ಪೆಲೆ, ಜಿಕೊ, ರೊನಾಲ್ಡಿನ್ಹೊ ಮೂವರೂ ಬಾಲ್ಯದಲ್ಲಿ ಈ ಆಟ ಆಡಿ ಬೆಳೆದವರು.

ದೇಶಗಳ ನಡುವಿನ ಪಂದ್ಯಾವಳಿ ಬರಲು ಮತ್ತೆ ಅರ್ಧ ಶತಮಾನ ಬೇಕಾಯಿತು. 1971ರಲ್ಲಿ ಫಿಫುಸಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ಅಧ್ಯಕ್ಷ ಬ್ರೆಜಿಲಿನ ಜೊವಾವೊ ಅವೆಲಾಂಜ್ 1974ರಲ್ಲಿ ಫಿಫಾದ ಅಧ್ಯಕ್ಷರೂ ಆದರು. ಫಿಫುಸಾ 1982ರಲ್ಲಿ ಸಾವೊ ಪಾಲೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು, ಬ್ರೆಜಿಲ್ ಗೆದ್ದಿತು. 1985ರಲ್ಲಿ ಸ್ಪೇನ್, 1988ರಲ್ಲಿ ಆಸ್ಟ್ರೇಲಿಯ ಆತಿಥ್ಯ ವಹಿಸಿದವು, ಆಸ್ಟ್ರೇಲಿಯದ ಕೂಟದಲ್ಲಿ ಪರಾಗ್ವೆ ಬ್ರೆಜಿಲನ್ನು ಮಣಿಸಿತು. ಅಷ್ಟರಲ್ಲಿ ಫಿಫಾ ಕಣಕ್ಕಿಳಿದಿತ್ತು. ಆಟವನ್ನು ಯಾರು ನಡೆಸಬೇಕು, ಫುಟ್ಬಾಲ್ ಎಂದು ಕರೆದುಕೊಳ್ಳುವ ಹಕ್ಕು ಯಾರದು ಎಂಬ ಜಗಳ ಬಲಿತು, 1989ರಲ್ಲಿ ಫಿಫಾ ತನ್ನದೇ ವಿಶ್ವಕಪ್ಪನ್ನು ನೆದರ್ಲೆಂಡ್ಸ್‌ನಲ್ಲಿ ಆರಂಭಿಸಿತು. ಅಂದಿನಿಂದ ಹಣ, ಪ್ರಸಾರ, ಮನ್ನಣೆ ಎಲ್ಲವೂ ಫಿಫಾದ ಕಡೆಗೇ ಹರಿದವು. ಆಟವನ್ನು ಐವತ್ತು ವರ್ಷ ಸಾಕಿದವರು ಬದಿಗೆ ಸರಿದದ್ದು ಅನ್ಯಾಯವೇ.

ಮೊದಲ ಫಿಫಾ ಕೂಟದಲ್ಲಿ ಹದಿನಾರು ದೇಶಗಳಿದ್ದವು. ಫೈನಲ್‌ನಲ್ಲಿ ಬ್ರೆಜಿಲ್ ಆತಿಥೇಯರನ್ನು 2-1ರಿಂದ ಸೋಲಿಸಿತು. 1992ರಲ್ಲಿ ಹಾಂಗ್‌ಕಾಂಗ್‌ನಲ್ಲಿ, 1996ರಲ್ಲಿ ಸ್ಪೇನ್‌ನಲ್ಲಿಯೂ ಕಪ್ ಬ್ರೆಜಿಲಿನದೇ. ಈ ಸರಪಳಿ ತುಂಡಾದದ್ದು 2000ದಲ್ಲಿ, ಗ್ವಾಟೆಮಾಲಾದಲ್ಲಿ: ಸ್ಪೇನ್ 4-3ರಿಂದ ಗೆದ್ದಿತು, 2004ರಲ್ಲಿ ತೈವಾನ್‌ನಲ್ಲಿ ಮತ್ತೊಮ್ಮೆ. 2008 ಮತ್ತು 2012ರಲ್ಲಿ ಬ್ರೆಜಿಲ್ ಸ್ಪೇನನ್ನೇ ಸೋಲಿಸಿ ಕಪ್ ಮರಳಿ ಪಡೆಯಿತು.

2016ರ ಕೊಲಂಬಿಯಾ ಕೂಟ ಎಲ್ಲಕ್ಕಿಂತ ನೆನಪಿಡಬೇಕಾದದ್ದು. ವಿಶ್ವಕಪ್‌ಗಳಲ್ಲಿ ಒಟ್ಟು 48 ಗೋಲು ಹೊಡೆದಿರುವ ಬ್ರೆಜಿಲಿನ ಫಾಲ್ಕಾವೊಗೆ ಅದು ಕೊನೆಯ ವಿಶ್ವಕಪ್. ಇರಾನ್ ತಂಡ ಪೆನಾಲ್ಟಿಗಳಲ್ಲಿ ಬ್ರೆಜಿಲನ್ನು ಹೊರದಬ್ಬಿತು. ಗೆದ್ದ ಇರಾನಿನ ಆಟಗಾರರು ಸೋತ ಫಾಲ್ಕಾವೊನನ್ನು ಎತ್ತಿ ಮೇಲಕ್ಕೆ ಹಾರಿಸಿ ಗೌರವಿಸಿದರು. ಆ ವರ್ಷದ ಕಪ್ ಅರ್ಜೆಂಟಿನಾಕ್ಕೆ, ಮೂರನೆಯ ಸ್ಥಾನ ಇರಾನಿಗೆ. ಕೋವಿಡ್‌ನಿಂದ ಮುಂದೆ ಹೋದ ಮುಂದಿನ ಕೂಟ 2021ರಲ್ಲಿ ಲಿಥುವೇನಿಯಾದಲ್ಲಿ ನಡೆದು ಪೋರ್ಚುಗಲ್ ಗೆದ್ದಿತು. 2024ರಲ್ಲಿ ಉಜ್ಬೇಕಿಸ್ತಾನದಲ್ಲಿ ಬ್ರೆಜಿಲ್ ಆರನೆಯ ಬಾರಿ ಫಿಫಾ ಕಪ್ ಎತ್ತಿತು. ಮಹಿಳೆಯರ ಮೊದಲ ಫಿಫಾ ಫುಟ್ಸಾಲ್ ವಿಶ್ವಕಪ್ ನಡೆದದ್ದು 2025ರಲ್ಲಿ, ಫಿಲಿಪ್ಪೀನ್ಸ್‌ನಲ್ಲಿ. ಇಷ್ಟು ತಡ ಆಗಬೇಕಿರಲಿಲ್ಲ.

ಚಿಕ್ಕ ಅಂಕಣದ ಬೇರೆ ಕೂಟಗಳೂ ಇವೆ. ಮನೆಯಿಲ್ಲದವರ ವಿಶ್ವಕಪ್ 2003ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಆರಂಭವಾಯಿತು, ತಂಡಕ್ಕೆ ನಾಲ್ವರು. 2001ರಲ್ಲಿ ನಾಗಪುರದಲ್ಲಿ ವಿಜಯ್ ಬರ್ಸೆ ಆರಂಭಿಸಿದ ಸ್ಲಂ ಸಾಕರ್ ಭಾರತದ ಹುಡುಗರನ್ನು ಆ ಕೂಟಕ್ಕೆ ಕಳುಹಿಸುತ್ತ ಬಂದಿದೆ. ಆರು ಜನರ ಸಾಕ್ಕಾ ವಿಶ್ವಕಪ್ 2018ರಲ್ಲಿ ಲಿಸ್ಬನ್‌ನಲ್ಲಿ ಮೊದಲಾಗಿ, ಜರ್ಮನಿ ಗೆದ್ದಿತು.

ಭಾರತಕ್ಕೆ ಫುಟ್ಸಾಲ್ ತಡವಾಗಿ ಬಂದದ್ದು ಆಶ್ಚರ್ಯದ ಸಂಗತಿ. ಸೆರಿಯಾನಿಯ ಸಂಸ್ಥೆಯೇ ಇಲ್ಲೂ ಕೆಲಸ ಮಾಡುತ್ತಿತ್ತು. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. ಅಮೆರಿಕದ ವೈಎಂಸಿಎಗಳಲ್ಲಿ ಹುಟ್ಟಿದ ಬಾಸ್ಕೆಟ್‌ಬಾಲ್, ವಾಲಿಬಾಲ್ ಎರಡೂ ಭಾರತದಲ್ಲಿ ಬೇರೂರಲು ಆ ಸಂಸ್ಥೆ ಬಹಳ ದುಡಿಯಿತು. ದಕ್ಷಿಣ ಅಮೆರಿಕದ ಆಟ ಮಾತ್ರ ಈ ದಾರಿಯಲ್ಲಿ ಬರಲಿಲ್ಲ. ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳಲ್ಲಿ ಬೆಳೆದ ಆಟಕ್ಕೂ ಇಂಗ್ಲಿಷಿನಲ್ಲಿ ಕಲಿಸುವ ಮದರಾಸಿಗೂ ನಂಟು ಕಡಿಮೆ. ಚಾವಣಿಯಿರುವ ಅಂಕಣಗಳಂತೂ ಇಲ್ಲಿ ಅಪರೂಪ.

ಆದರೂ ಇಕ್ಕಟ್ಟಿನಲ್ಲಿ ಆಡುವ ವಿದ್ಯೆ ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನ ಆಸ್ಟಿನ್ ಟೌನ್, ಹಲಸೂರು, ಗೌತಮಪುರದ ಗಲ್ಲಿಗಳಲ್ಲಿ ಹುಡುಗರು ತಲೆಮಾರುಗಳಿಂದ ಬರಿಗಾಲಲ್ಲಿ ಚೆಂಡು ಆಡಿದ್ದಾರೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಇದೇ ಊರಿನವರು.

2016ರಲ್ಲಿ ಪ್ರೀಮಿಯರ್ ಫುಟ್ಸಾಲ್ ಎಂಬ ಖಾಸಗಿ ಲೀಗ್ ನಡೆಯಿತು. ಬೆಂಗಳೂರು ತಂಡಕ್ಕೆ ಇಂಗ್ಲೆಂಡಿನ ಪಾಲ್ ಸ್ಕೋಲ್ಸ್ ತಾರಾ ಆಟಗಾರ. ಮರುವರ್ಷ ಕೆಲವು ಪಂದ್ಯಗಳು ಬೆಂಗಳೂರಿನಲ್ಲೇ ಆದವು. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಅದಕ್ಕೆ ಮಾನ್ಯತೆ ಕೊಡಲಿಲ್ಲ, ಲೀಗ್ ಬಾಳಲೂ ಇಲ್ಲ. ಫೆಡರೇಷನ್ನಿನ ಸ್ವಂತ ಕ್ಲಬ್ ಚಾಂಪಿಯನ್‌ಷಿಪ್ ಶುರುವಾದದ್ದು 2021ರಲ್ಲಿ, ದೆಹಲಿಯಲ್ಲಿ. ಏಷ್ಯಾ ಮಟ್ಟದ ಚಾಂಪಿಯನ್‌ಷಿಪ್ 1999ರಿಂದ ನಡೆಯುತ್ತಿದ್ದರೂ ಭಾರತದ ರಾಷ್ಟ್ರೀಯ ತಂಡ ಅದರ ಅರ್ಹತಾ ಸುತ್ತಿಗೆ ಕಾಲಿಟ್ಟದ್ದು 2023ರಲ್ಲಿ, ತಜಿಕಿಸ್ತಾನದಲ್ಲಿ. ಗೆಲುವು ಸಿಗಲಿಲ್ಲ. ಕಾಲು ಶತಮಾನ ತಡವಾಗಿ ಬಂದವರಿಗೆ ಅದು ಸಿಗುವಂತೆಯೂ ಇರಲಿಲ್ಲ.

ಶಿರಸಿ ಘಟ್ಟದ ಊರುಗಳಿಗೆ ಬಂದರೆ ನೆಲದ ಪ್ರಶ್ನೆ ಇನ್ನೂ ಬಿಗಿ. ವಾನಳ್ಳಿಯಂಥ ಕಡೆ ಕಣಿವೆಯಲ್ಲಿ ಅಡಿಕೆ ತೋಟ, ಅದರ ಮೇಲೆ ಮನೆ-ಅಂಗಳ, ಅದಕ್ಕೂ ಮೇಲೆ ಸೊಪ್ಪಿನ ಬೆಟ್ಟ. ಸಮತಟ್ಟು ಜಾಗವೆಂದರೆ ಶಾಲೆಯ ಅಂಗಳ, ಗದ್ದೆಯ ಬಯಲು ಅಷ್ಟೆ. ಗದ್ದೆಯೂ ಕೊಯ್ಲಾದ ಮೇಲೆ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ. ವಾಲಿಬಾಲ್ ಅಂಕಣಕ್ಕೆ ಒಂದೂವರೆ ಗುಂಟೆಗಿಂತ ತುಸು ಹೆಚ್ಚು, ಕಬಡ್ಡಿಗೆ ಇನ್ನೂ ಕಡಿಮೆ ಜಾಗ ಸಾಕು. ಹೊನಲು ಬೆಳಕಿನ ಪಂದ್ಯಾವಳಿಗಳೆಂದರೆ ಈ ಭಾಗದಲ್ಲಿ ಈ ಎರಡು ಆಟಗಳದೇ ಆಗಿರುವುದಕ್ಕೆ ಇದೂ ಒಂದು ಕಾರಣ.

ನೆರೆಯ ಮುಂಡಗೋಡಿನ ಕಥೆ ಬೇರೆ. ಅಲ್ಲಿನ ಬಯಲುಸೀಮೆಯಂಥ ನೆಲದಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ನೆಲೆಯಾಯಿತು. ಟಿಬೆಟನ್ನರಿಗೆ ಫುಟ್ಬಾಲ್ ಪ್ರಾಣ. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ 1981ರಲ್ಲಿ ಆರಂಭವಾದ ಗ್ಯಾಲ್ಯುಮ್ ಚೆನ್ಮೊ ಕಪ್‌ಗೆ ಬೇರೆ ಬೇರೆ ವಸತಿಗಳ ತಂಡಗಳು ಸೆಣಸುತ್ತವೆ. ಹೀಗೆ ಬೆಳೆದವರಿಂದ ಕಟ್ಟಿದ ಟಿಬೆಟ್ ತಂಡ 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲೆಂಡ್ ವಿರುದ್ಧ ಆಡಿತು. 2018ರಲ್ಲಿ ಲಂಡನ್‌ನಲ್ಲಿ ಫಿಫಾ ಸದಸ್ಯತ್ವವಿಲ್ಲದ ತಂಡಗಳ ವಿಶ್ವಕಪ್‌ನಲ್ಲೂ ಪಾಲ್ಗೊಂಡಿತು. ಅವು ಹನ್ನೊಂದು ಜನರ ಪಂದ್ಯಗಳು. ಆದರೆ ದೇಶದ ಹೆಸರಿನಲ್ಲಿ ಆಡುವ ಫುಟ್ಬಾಲ್ ಯಲ್ಲಾಪುರ, ಶಿರಸಿಗಳ ಮಗ್ಗುಲಲ್ಲೇ ಉಸಿರಾಡುತ್ತಿದೆ ಎಂಬುದಕ್ಕೆ ಇಷ್ಟು ಸಾಕು.

ಶಿರಸಿ, ಯಲ್ಲಾಪುರ ತಾಲೂಕುಗಳ ಯುವಕ ಸಂಘಗಳು ಮುಂದಿನ ಬಾರಿ ವಾಲಿಬಾಲಿಗೆ ದೀಪ ಕಟ್ಟುವಾಗ ಐದು ಜನರ ಫುಟ್ಬಾಲಿಗೂ ಒಂದು ಸಂಜೆ ಮೀಸಲಿಡಲಿ, ಮುಂಡಗೋಡಿನ ತಂಡಗಳನ್ನೂ ಕರೆಯಲಿ. ಗೋಲುಕಂಬಗಳ ನಡುವೆ ಮೂರು ಮೀಟರ್ ಅಂತರ, ಎತ್ತರ ಎರಡು ಮೀಟರ್ ಇದ್ದರೆ ಆಯಿತು.